ತೋಳಿನ ಬಾವು ಮತ್ತು ಬಸಿಯುವ ದಾರಿಗಳು

ಬಲ ಸ್ತನದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದಾಗ ನನ್ನ ಬಗಲಿನಿಂದ 19 ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್) ತೆಗೆದರು. ಅವುಗಳ ಪೈಕಿ ಎರಡರಲ್ಲಿ ರೋಗದ ಕೋಶಗಳಿದ್ದವು ಎಂದು ಪ್ರಯೋಗಾಲಯದ ವರದಿ ಬಂತು. ದುಗ್ಧರಸ ಎಂದರೆ ಅಂಗಾಂಶಗಳಿಂದ ಬಸಿದು ರಕ್ತಕ್ಕೆ ಮರಳುವ ದ್ರವ, ಲಿಂಫ್. ಸ್ತನದ ದುಗ್ಧರಸದ ಬಹುಪಾಲು ಬಗಲಿನ ಕಡೆಗೇ ಹರಿಯುತ್ತದೆ. ಆದ್ದರಿಂದ ಗಡ್ಡೆಯಿಂದ ಕಳಚಿಕೊಂಡ ಕೋಶಗಳು ಸಾಮಾನ್ಯವಾಗಿ ಮೊದಲು ಸಿಕ್ಕಿಬೀಳುವುದು ಅಲ್ಲಿಯ ಗ್ರಂಥಿಗಳಲ್ಲಿಯೇ. ಅವುಗಳನ್ನು ತೆಗೆಯುವುದು ಚಿಕಿತ್ಸೆಯೂ ಹೌದು, ರೋಗ ಎಷ್ಟು ದೂರ ಹೋಗಿದೆ ಎಂಬುದನ್ನು ಅಳೆಯುವ ಬಗೆಯೂ ಹೌದು. ಆದರೆ ತೋಳಿನ ದುಗ್ಧರಸಕ್ಕೂ ಅದೇ ದಾರಿ. ಆಮೇಲೆ ಕೊಟ್ಟ ವಿಕಿರಣ ಚಿಕಿತ್ಸೆಯಿಂದ ಉಳಿದ ನಾಳಗಳ ಸುತ್ತಲಿನ ಅಂಗಾಂಶವೂ ಗಟ್ಟಿಯಾಗುತ್ತದೆ. ಹೀಗೆ ಬಗಲಿನ ಗ್ರಂಥಿಗಳನ್ನು ಪೂರ್ತಿಯಾಗಿ ತೆಗೆಸಿಕೊಂಡವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ತೋಳು ಬಾವು ಬರುತ್ತದೆ. ನನಗೆ ಬಂದದ್ದು ಎಲ್ಲ ಚಿಕಿತ್ಸೆ ಮುಗಿದು ವರ್ಷ ದಾಟಿದ ಮೇಲೆ, ಇನ್ನೇನು ಆಸ್ಪತ್ರೆಯ ಹಂಗು ಹರಿಯಿತು ಎಂದುಕೊಂಡಿದ್ದ ಹೊತ್ತಿಗೆ.

ಮೊದಲು ಸುಳಿವು ಕೊಟ್ಟದ್ದು ಗುಳೇದಗುಡ್ಡದ ಖಣದ ಕುಪ್ಪಸ. ಬಲತೋಳು ಮೊಣಕೈಯ ಮೇಲೆ ಬಿಗಿಯತೊಡಗಿತು, ಎಡತೋಳು ಮೊದಲಿನಂತೆಯೇ ಇತ್ತು. ಸಂಜೆ ಶಾಲೆಯಿಂದ ಮನೆಗೆ ಬರುವಷ್ಟರಲ್ಲಿ ಬಳೆಗಳು ಮುಂಗೈಯಲ್ಲಿ ಗುರುತು ಮೂಡಿಸಿರುತ್ತಿದ್ದವು, ತೋಳು ಭಾರವೆನಿಸುತ್ತಿತ್ತು. ರಾತ್ರಿ ಮಲಗಿ ಎದ್ದರೆ ಬಾವು ಇಳಿದಿರುತ್ತಿತ್ತು. ನಾನು ಬಾಗಲಕೋಟೆಯ ನವನಗರದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವವಳು. ಹತ್ತನೆಯ ತರಗತಿಯ ಪಠ್ಯದಲ್ಲಿ ಹೃದಯಕ್ಕೂ ರಕ್ತಕ್ಕೂ ಚಿತ್ರಸಹಿತ ಪುಟಗಳಿವೆ, ದುಗ್ಧರಸಕ್ಕೆ ಒಂದು ಪ್ಯಾರಾ ಇದೆ. ಆ ಪ್ಯಾರಾದಲ್ಲಿ ತಪ್ಪೇನೂ ಇಲ್ಲ. ಅಂಗಾಂಶಗಳಿಂದ ಹೆಚ್ಚುವರಿ ದ್ರವವನ್ನು ರಕ್ತಕ್ಕೆ ಮರಳಿಸುತ್ತದೆ, ಕರುಳಿನಿಂದ ಜೀರ್ಣಗೊಂಡ ಕೊಬ್ಬನ್ನು ಒಯ್ಯುತ್ತದೆ ಎಂದು ಸರಿಯಾಗಿಯೇ ಬರೆದಿದ್ದಾರೆ. ಆ ಎರಡು ಸಾಲುಗಳಲ್ಲಿ ಏನೆಲ್ಲ ಅಡಗಿದೆ ಎಂಬುದನ್ನು ನನ್ನ ತೋಳೇ ಬಿಡಿಸಿ ತೋರಿಸಬೇಕಾಯಿತು.

ನೆರೆಹೊರೆಯವರು ಉಪ್ಪು ಬಿಡಲು ಹೇಳಿದರು, ನೀರು ಕಡಿಮೆ ಕುಡಿಯಲು ಹೇಳಿದರು. ಒಬ್ಬ ವೈದ್ಯರು ಮೂತ್ರ ಹೆಚ್ಚಿಸುವ ಮಾತ್ರೆ ಬರೆದುಕೊಟ್ಟರು. ಮಾತ್ರೆಯಿಂದ ಬಾಯಿ ಒಣಗಿತೇ ಹೊರತು ತೋಳು ಇಳಿಯಲಿಲ್ಲ. ಏಕೆ ಇಳಿಯಲಿಲ್ಲ ಎಂಬುದು ಈ ಇಡೀ ವ್ಯವಸ್ಥೆಯ ತಿರುಳು. ರಕ್ತದ ಅತಿ ಸಣ್ಣ ನಾಳಗಳಾದ ಲೋಮನಾಳಗಳ ಗೋಡೆಯಿಂದ ನೀರು, ಲವಣ ಹಾಗೂ ಒಂದಿಷ್ಟು ಪ್ರೋಟೀನು ಸದಾ ಹೊರಗೆ ಜಿನುಗುತ್ತಿರುತ್ತವೆ. ದಿನಕ್ಕೆ ಸುಮಾರು 20 ಲೀಟರ್ ಜಿನುಗಿ, 17 ಲೀಟರ್ ಲೋಮನಾಳದ ಇನ್ನೊಂದು ತುದಿಯಲ್ಲೇ ಒಳಗೆ ಸೇರಿ, ಉಳಿದ 3 ಲೀಟರ್ ದುಗ್ಧನಾಳಗಳ ಪಾಲಿಗೆ ಬರುತ್ತದೆ ಎಂಬುದು ಹಳೆಯ ಪುಸ್ತಕಗಳ ಲೆಕ್ಕ. ಈಚಿನ ಶರೀರಶಾಸ್ತ್ರಜ್ಞರು ಇದನ್ನು ತಿದ್ದಿದ್ದಾರೆ: ಬಹುತೇಕ ಅಂಗಾಂಶಗಳಲ್ಲಿ ಆ ಇನ್ನೊಂದು ತುದಿಯ ಹೀರಿಕೆ ನಿರಂತರವಾಗಿ ನಡೆಯುವುದೇ ಇಲ್ಲ, ಜಿನುಗಿದ ದ್ರವ ಮರಳಲು ದುಗ್ಧನಾಳಗಳೇ ಮುಖ್ಯ ದಾರಿ. ಲೆಕ್ಕ ಯಾವುದಾದರೂ ಇರಲಿ, ಪ್ರೋಟೀನಿನ ವಿಷಯದಲ್ಲಿ ಭಿನ್ನಾಭಿಪ್ರಾಯವಿಲ್ಲ. ಹೊರಗೆ ಜಿನುಗಿದ ಪ್ರೋಟೀನಿನ ದೊಡ್ಡ ಅಣುಗಳು ರಕ್ತನಾಳಕ್ಕೆ ನೇರವಾಗಿ ಹಿಂದಿರುಗಲಾರವು. ಅವು ಮರಳುವುದು ದುಗ್ಧನಾಳದ ಮೂಲಕವೇ. ಆ ದಾರಿ ಕಡಿದರೆ ಪ್ರೋಟೀನು ಚರ್ಮದಡಿ ಉಳಿಯುತ್ತದೆ, ಉಳಿದದ್ದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಾತ್ರೆ ಕೊಟ್ಟು ನೀರನ್ನಷ್ಟೇ ಹೊರಹಾಕಿದರೆ ಹಿಂದೆ ಉಳಿಯುವುದು ಇನ್ನೂ ದಟ್ಟವಾದ ದ್ರವ. ಅದು ಮತ್ತೆ ನೀರನ್ನು ಎಳೆದುಕೊಳ್ಳುತ್ತದೆ.

ನನ್ನ ತವರು ಮುಧೋಳ ತಾಲ್ಲೂಕಿನಲ್ಲಿ, ಘಟಪ್ರಭಾ ಕಾಲುವೆಯ ನೀರು ಕುಡಿಯುವ ಎರೆಭೂಮಿಯ ನಡುವೆ. ಅಲ್ಲಿಯವರಿಗೆ ಸವಳು-ಜವಳು ಯಾರೂ ಹೇಳಿಕೊಡಬೇಕಾದದ್ದಲ್ಲ. ಕಬ್ಬಿಗೆ ನೀರು ಹಾಯಿಸುತ್ತಲೇ ಇದ್ದು ಬಸಿಗಾಲುವೆ ತೆಗೆಯದಿದ್ದರೆ ಹೊಲ ಮೊದಲು ಜವಳಾಗುತ್ತದೆ, ಆಮೇಲೆ ಉಪ್ಪು ಮೇಲೆದ್ದು ಸವಳಾಗುತ್ತದೆ. ನಂತರ ನೀರು ನಿಲ್ಲಿಸಿದರೂ ಮಣ್ಣು ಮೊದಲಿನಂತಾಗುವುದಿಲ್ಲ. ತೋಳಿನ ಕಥೆಯೂ ಅದೇ ಕ್ರಮದಲ್ಲಿ ಸಾಗುತ್ತದೆ. ಆರಂಭದಲ್ಲಿ ಬರಿಯ ದ್ರವ. ಕೈ ಎತ್ತಿಟ್ಟರೆ ಇಳಿಯುತ್ತದೆ. ನಿಂತ ಪ್ರೋಟೀನು ಉರಿಯೂತವನ್ನು ಕೆರಳಿಸುತ್ತದೆ, ತಿಂಗಳುಗಳು ಕಳೆದಂತೆ ನಾರು ಅಂಗಾಂಶ ಬೆಳೆಯುತ್ತದೆ, ಕೊಬ್ಬು ಸೇರುತ್ತದೆ, ಆಮೇಲೆ ಎಷ್ಟು ಹೊತ್ತು ಕೈ ಎತ್ತಿಟ್ಟರೂ ಇಳಿಯುವುದಿಲ್ಲ. ಅಣ್ಣನಿಗೆ ಇಷ್ಟು ಹೇಳಿದ ಕೂಡಲೇ ಆತ, ತಡ ಮಾಡದೆ ಹೋಗು ಎಂದು ಬಸ್ಸು ಹತ್ತಿಸಿದ.

ಲೋಕಾಪುರ, ಯರಗಟ್ಟಿ ದಾಟಿ ಬೆಳಗಾವಿ. ಅಲ್ಲಿಯ ಆಸ್ಪತ್ರೆಯೊಂದರ ಫಿಜಿಯೋಥೆರಪಿ ವಿಭಾಗದಲ್ಲಿ ಈ ಬಾವಿಗೆಂದೇ ತರಬೇತಿ ಪಡೆದ ಒಬ್ಬರು ಇದ್ದರು. ಮಾವನವರ ಮನೆಯಲ್ಲಿ ಉಳಿದುಕೊಂಡು, ಭಾನುವಾರ ಬಿಟ್ಟು ಪ್ರತಿದಿನ ಹೋಗಿಬರುವಂತೆ ಕೆಲವು ವಾರಗಳ ವ್ಯವಸ್ಥೆಯಾಯಿತು. ಮೊದಲ ದಿನ ಚಿಕಿತ್ಸೆಯೇನೂ ಇಲ್ಲ, ತಪಾಸಣೆ ಮಾತ್ರ. ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿಲ್ಲವೆಂಬುದನ್ನು ಡಾಪ್ಲರ್ ಸ್ಕ್ಯಾನ್ ಮಾಡಿಸಿ ಖಚಿತಪಡಿಸಿಕೊಂಡರು. ಕ್ಯಾನ್ಸರ್ ಮರಳಿ ಬಂದು ನಾಳವನ್ನು ಒತ್ತುತ್ತಿದ್ದರೂ ತೋಳು ಬಾಯುವುದರಿಂದ ಶಸ್ತ್ರವೈದ್ಯರು ಕೊರಳೆಲುಬಿನ ಮೇಲೂ ಕೆಳಗೂ ಬೆರಳಾಡಿಸಿ ಗಂಟುಗಳಿವೆಯೇ ಎಂದು ನೋಡಿದರು. ಆಮೇಲೆ ಟೇಪು ಬಂತು. ಮಣಿಕಟ್ಟಿನಿಂದ ಮೇಲಕ್ಕೆ ಪ್ರತಿ 4 ಸೆಂಟಿಮೀಟರಿಗೊಂದು ಚುಕ್ಕೆ ಇಟ್ಟು, ಎರಡೂ ತೋಳುಗಳ ಸುತ್ತಳತೆಯನ್ನು ಫಿಜಿಯೋಥೆರಪಿಯಾಕೆ ಸಾಲಾಗಿ ಬರೆದುಕೊಂಡರು. ಯಾವುದಾದರೂ ಒಂದು ಚುಕ್ಕೆಯಲ್ಲಿ 2 ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಸಾಮಾನ್ಯವಾಗಿ ಬಾವು ಎಂದೇ ಪರಿಗಣಿಸುತ್ತಾರೆ. ನನ್ನ ಮುಂದೋಳಿನಲ್ಲಿ ಅದು ಮೂರನ್ನು ಮೀರಿತ್ತು. ಹೆಬ್ಬೆರಳಿನಿಂದ ಒತ್ತಿ ಹಿಡಿದು ಬಿಟ್ಟರೆ ಗುಳಿ ಬಿದ್ದು, ನಿಧಾನವಾಗಿ ತುಂಬಿಕೊಳ್ಳುತ್ತಿತ್ತು. ಬೆರಳಿನ ಬುಡದ ಚರ್ಮವನ್ನು ಚಿವುಟಿ ಎತ್ತಲು ನೋಡಿದರು. ಎಡಗೈಯಲ್ಲಿ ಸಲೀಸಾಗಿ ಮಡಿಕೆಯಾದ ಚರ್ಮ ಬಲಗೈಯಲ್ಲಿ ದಪ್ಪವಾಗಿ, ಅರೆಮನಸ್ಸಿನಿಂದ ಎದ್ದಿತು. ಅದು ಪೂರ್ತಿ ಏಳದ ದಿನ ಬಂದಿದ್ದರೆ ಕೆಲಸ ಕಷ್ಟವಾಗುತ್ತಿತ್ತು ಎಂದರು. ಶಸ್ತ್ರಚಿಕಿತ್ಸೆಗೆ ಮುಂಚೆಯೇ ಎರಡೂ ತೋಳುಗಳನ್ನು ಹೀಗೆ ಅಳೆದು ದಾಖಲಿಸಿಡುವ ಪದ್ಧತಿ ಇದೆಯಂತೆ. ನನ್ನದನ್ನು ಯಾರೂ ಅಳೆದಿರಲಿಲ್ಲ, ಬಾವು ಬರಬಹುದೆಂದು ಹೇಳಿರಲೂ ಇಲ್ಲ. ಟೇಪಿನ ಬೆಲೆ ನೆನೆದರೆ ಇದಕ್ಕೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಮರುದಿನ ನಾನು ಬಾವು ಬಂದ ತೋಳನ್ನು ಚಾಚಿ ಮಲಗಿದರೆ, ಆಕೆ ಅದನ್ನು ಮುಟ್ಟದೆ ಕೊರಳಿನಿಂದ ಶುರುಮಾಡಿದರು. ಎರಡೂ ಕೊರಳೆಲುಬುಗಳ ಮೇಲಿನ ಗುಳಿಯಲ್ಲಿ ಬೆರಳುಗಳನ್ನಿಟ್ಟು ಚರ್ಮವನ್ನು ಮೆಲ್ಲನೆ ಸರಿಸುವುದು, ಬಿಡುವುದು. ನನ್ನಿಂದ ಹೊಟ್ಟೆ ಉಬ್ಬುವಂತೆ ಉಸಿರಾಡಿಸಿದರು. ಆಮೇಲೆ ಎಡ ಬಗಲು, ಎದೆಯ ಮೇಲೆ ಅಡ್ಡಕ್ಕೆ, ಬೆನ್ನು, ಬಲಗಡೆಯ ತೊಡೆಸಂದಿ. ಇದೆಲ್ಲ ಮುಗಿದ ಮೇಲೆ ಭುಜ, ಭುಜದಿಂದ ಮೊಣಕೈ, ಕಟ್ಟಕಡೆಗೆ ಅಂಗೈ. ಈ ವಿಧಾನವನ್ನು ರೂಪಿಸಿದ್ದು ಡೆನ್ಮಾರ್ಕಿನ ಎಮಿಲ್ ವೊಡ್ಡರ್ ದಂಪತಿ, 1930ರ ದಶಕದಲ್ಲಿ. ಇದರ ತಲೆಕೆಳಗಾದ ಕ್ರಮಕ್ಕೆ ಕಾರಣ ಶರೀರರಚನೆಯಲ್ಲಿದೆ. ಇಡೀ ದೇಹದ ದುಗ್ಧರಸ ರಕ್ತಕ್ಕೆ ಸೇರುವುದು ಕೊರಳಿನ ಬುಡದಲ್ಲಿ, ಕೊರಳೆಲುಬುಗಳ ಹಿಂದೆ ಅಭಿಧಮನಿಗಳು ಕೂಡುವ ಎಡೆಯಲ್ಲಿ. ಎರಡೂ ಕಾಲು, ಹೊಟ್ಟೆ, ಎಡತೋಳು, ತಲೆಯ ಮತ್ತು ಎದೆಯ ಎಡಭಾಗಗಳ ರಸ ದೊಡ್ಡ ನಾಳವೊಂದರಲ್ಲಿ ಬೆನ್ನೆಲುಬಿನ ಮುಂದೆ ಮೇಲೇರಿ ಎಡಗಡೆ ಸೇರುತ್ತದೆ; ಬಲತೋಳಿಗೂ ತಲೆ ಮತ್ತು ಎದೆಯ ಬಲಭಾಗಕ್ಕೂ ಬಲಗಡೆ ಪ್ರತ್ಯೇಕವಾದ ಚಿಕ್ಕ ನಾಳವಿದೆ. ಚರ್ಮದ ಮಟ್ಟದಲ್ಲಿ ದೇಹ ಕೆಲವು ವಲಯಗಳಾಗಿ ಹಂಚಿಹೋಗಿದೆ. ಎದೆಯ ನಡುಗೆರೆ ಒಂದು ಗಡಿ, ಸೊಂಟ ಇನ್ನೊಂದು ಗಡಿ. ಪ್ರತಿ ವಲಯದ ರಸ ತನ್ನ ಹತ್ತಿರದ ಬಗಲಿಗೋ ತೊಡೆಸಂದಿಗೋ ಹೋಗುತ್ತದೆ. ಆದರೆ ಗಡಿಯ ಉದ್ದಕ್ಕೂ ಕೂದಲೆಳೆಯಷ್ಟು ಸಣ್ಣ ನಾಳಗಳ ಜಾಲ ಎರಡೂ ವಲಯಗಳನ್ನು ಜೋಡಿಸಿರುತ್ತದೆ. ನನ್ನ ಬಲ ಬಗಲಿನ ದಾರಿ ಕಡಿದಿರುವುದರಿಂದ, ಆ ಜಾಲದ ಮೂಲಕ ರಸವನ್ನು ಎಡ ಬಗಲಿಗೂ ತೊಡೆಸಂದಿಗೂ ತಿರುಗಿಸಬೇಕು. ಮುಂದಿನ ಜಾಗ ತೆರವಾಗದೆ ಹಿಂದಿನದನ್ನು ತಳ್ಳುವುದು ವ್ಯರ್ಥ.

ಒತ್ತಡ ಎಷ್ಟು ಹಗುರವಾಗಿತ್ತೆಂದರೆ, ಇದರಿಂದ ಏನಾಗುವುದಿದೆ ಎಂದು ಮೊದಲ ದಿನ ಅನುಮಾನಪಟ್ಟೆ. ಅದಕ್ಕೂ ಅವರ ಬಳಿ ಕಾರಣವಿತ್ತು. ದುಗ್ಧನಾಳಗಳು ಆರಂಭವಾಗುವುದು ಚರ್ಮದ ಕೆಳಗೇ, ತುದಿ ಮುಚ್ಚಿದ ಅತಿ ತೆಳುವಾದ ಕೊಳವೆಗಳಾಗಿ. ಅವುಗಳ ಗೋಡೆಯ ಕೋಶಗಳ ಅಂಚುಗಳು ಒಂದರ ಮೇಲೊಂದು ಚಾಚಿಕೊಂಡಿದ್ದು, ಒಳಮುಖವಾಗಿ ಮಾತ್ರ ತೆರೆಯುತ್ತವೆ. ಆ ಕೋಶಗಳನ್ನು ಸುತ್ತಲಿನ ಅಂಗಾಂಶಕ್ಕೆ ಸಣ್ಣ ತಂತುಗಳು ಬಿಗಿದಿರುತ್ತವೆ. ಚರ್ಮ ಸರಿದಾಗ ತಂತು ಎಳೆಯುತ್ತದೆ, ಅಂಚು ತೆರೆಯುತ್ತದೆ, ದ್ರವ ಒಳಸೇರುತ್ತದೆ. ಬಲವಾಗಿ ತಿಕ್ಕಿದರೆ ನಾಳವೇ ಅದುಮಿಹೋಗುತ್ತದೆ, ಮೇಲಾಗಿ ಆ ಭಾಗಕ್ಕೆ ರಕ್ತ ನುಗ್ಗಿ ಜಿನುಗುವಿಕೆ ಹೆಚ್ಚುತ್ತದೆ. ಮುಂದಿನ ನಾಳಗಳು ಸ್ವಲ್ಪ ದಪ್ಪ. ಅವುಗಳಲ್ಲಿ ಹತ್ತಿರ ಹತ್ತಿರ ಕವಾಟಗಳಿದ್ದು, ಎರಡು ಕವಾಟಗಳ ನಡುವಿನ ಪ್ರತಿ ತುಂಡೂ ತನ್ನಷ್ಟಕ್ಕೇ ನಿಮಿಷಕ್ಕೆ ಹಲವು ಬಾರಿ ಸಂಕುಚಿಸಿ ರಸವನ್ನು ಮುಂದಿನ ತುಂಡಿಗೆ ಒತ್ತುತ್ತದೆ. ಇಲ್ಲಿ ಹೃದಯವಿಲ್ಲ. ಈ ಸಣ್ಣ ಮಿಡಿತಗಳಿಗೆ ಸ್ನಾಯುಗಳ ಚಲನೆ, ಪಕ್ಕದ ಧಮನಿಯ ಬಡಿತ ಮತ್ತು ಉಸಿರಾಟ ನೆರವಾಗುತ್ತವೆ. ಉಸಿರು ಎಳೆದಾಗ ಎದೆಯೊಳಗಿನ ಒತ್ತಡ ಕುಸಿದು ದೊಡ್ಡ ನಾಳದ ರಸ ಮೇಲಕ್ಕೆ ಸೆಳೆಯಲ್ಪಡುತ್ತದೆ. ಮೊದಲು ಉಸಿರಾಡಿಸಿದ್ದು ಅದಕ್ಕೆ. ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ ರಕ್ತ ಪರಿಚಲನೆಯ ಸಿದ್ಧಾಂತವನ್ನು ಪ್ರಕಟಿಸಿದ್ದು 1628ರಲ್ಲಿ. ಅದಕ್ಕೂ ಮುಂಚೆ, 1622ರಲ್ಲಿಯೇ, ಇಟಲಿಯ ಗಾಸ್ಪರೆ ಅಸೆಲ್ಲಿ ಆಗಷ್ಟೇ ಉಂಡಿದ್ದ ನಾಯಿಯೊಂದರ ಹೊಟ್ಟೆಯನ್ನು ಸೀಳಿದಾಗ ಕರುಳಿನ ಮೇಲೆ ಬಿಳಿಯ ಗೆರೆಗಳನ್ನು ಕಂಡಿದ್ದ. ಕೊಬ್ಬು ಹೊತ್ತ ದುಗ್ಧನಾಳಗಳವು. ಆ ರಸ ಮೇಲೇರುವ ದೊಡ್ಡ ನಾಳವನ್ನು ಫ್ರಾನ್ಸಿನ ಜಾನ್ ಪೆಕೆ 1651ರಲ್ಲಿ ವಿವರಿಸಿದ. ಇಷ್ಟು ಹಳೆಯ ತಿಳಿವಳಿಕೆಗೆ ನಮ್ಮ ಪಠ್ಯದಲ್ಲಿ ಒಂದೇ ಪ್ಯಾರಾ ಏಕೆ ಎಂಬುದು ಮೇಷ್ಟರಗಿತ್ತಿಯ ಗೊಣಗಾಟ, ಇರಲಿ.

ನೀವುವಿಕೆಯ ಬಗ್ಗೆ ಇಷ್ಟು ಬರೆದರೂ, ತೋಳನ್ನು ನಿಜಕ್ಕೂ ಇಳಿಸಿದ್ದು ಕಟ್ಟು ಎಂಬುದು ನನ್ನ ಅಭಿಪ್ರಾಯ. ನೀವುವಿಕೆಯಿಂದ ಹೆಚ್ಚುವರಿ ಲಾಭ ಎಷ್ಟೆಂಬ ವಿಷಯದಲ್ಲಿ ಅಧ್ಯಯನಗಳ ಫಲಿತಾಂಶ ಒಂದೇ ತೆರನಾಗಿಲ್ಲ. ಒತ್ತುಕಟ್ಟಿನ ಬಗ್ಗೆ ಅಂಥ ಗೊಂದಲವಿಲ್ಲ. ಮೊದಲು ಚರ್ಮಕ್ಕೆ ಎಣ್ಣೆಯಂಶದ ಮುಲಾಮು, ಅದರ ಮೇಲೆ ಮೆತ್ತನೆಯ ಹತ್ತಿಯ ತೋಳುಚೀಲ. ಪ್ರತಿ ಬೆರಳಿಗೂ ಉಗುರು ಬಿಟ್ಟು ಬುಡದವರೆಗೆ ಸಣ್ಣ ಪಟ್ಟಿ. ಉಗುರಿನ ಬಣ್ಣ ಕಾಣುತ್ತಿರಬೇಕು, ನೀಲಿಗಟ್ಟಿದರೆ ಬಿಚ್ಚಬೇಕು. ಆಮೇಲೆ ಹತ್ತಿ, ಅಂಗೈಯ ಗುಳಿಗೂ ಮೊಣಕೈಯ ಮಡಿಕೆಗೂ ಕತ್ತರಿಸಿದ ಸ್ಪಂಜಿನ ತುಂಡು. ಕೊನೆಗೆ 6, 8, 10 ಸೆಂಟಿಮೀಟರ್ ಅಗಲದ ಪಟ್ಟಿಗಳು, ಕೈಯಲ್ಲಿ ಹೆಚ್ಚು ಬಿಗಿ, ಮೇಲೆ ಹೋದಂತೆ ಕಡಿಮೆ. ಈ ಪಟ್ಟಿ ಔಷಧ ಅಂಗಡಿಯಲ್ಲಿ ಸಿಗುವ ಕ್ರೇಪ್ ಬ್ಯಾಂಡೇಜ್ ಅಲ್ಲ. ಕ್ರೇಪ್ ತುಂಬಾ ಹಿಗ್ಗುವುದರಿಂದ ಸ್ನಾಯು ಉಬ್ಬಿದಾಗ ತಾನೂ ಹಿಗ್ಗಿ ಬಿಟ್ಟುಕೊಡುತ್ತದೆ, ಸುಮ್ಮನಿದ್ದಾಗ ಹಿಂಡುತ್ತದೆ. ಇದು ಬಹಳ ಕಡಿಮೆ ಹಿಗ್ಗುವ ಪಟ್ಟಿ. ಮುಷ್ಟಿ ಬಿಗಿದಾಗ ಸ್ನಾಯು ಅದಕ್ಕೆ ಒತ್ತಿ ನಡುವಿನ ನಾಳಗಳು ಹಿಂಡಲ್ಪಡುತ್ತವೆ, ಮುಷ್ಟಿ ಸಡಿಲಿಸಿದಾಗ ಒತ್ತಡ ತಗ್ಗಿ ಅವು ಮತ್ತೆ ತುಂಬಿಕೊಳ್ಳುತ್ತವೆ. ಆದ್ದರಿಂದಲೇ ಕಟ್ಟು ಹಾಕಿಕೊಂಡು ಸುಮ್ಮನೆ ಕೂರುವಂತಿಲ್ಲ. ಮುಷ್ಟಿ ಬಿಗಿಯುವುದು, ಮೊಣಕೈ ಮಡಿಸುವುದು, ಭುಜ ತಿರುಗಿಸುವುದು ದಿನಕ್ಕೆ ಹಲವು ಬಾರಿ ನಡೆಯಬೇಕು.

ಆ ಕಟ್ಟಿನೊಂದಿಗೆ ಬದುಕುವುದು ತಮಾಷೆಯಲ್ಲ. ರೊಟ್ಟಿ ಬಡಿಯುವ ಮಾತಂತೂ ದೂರ, ತುತ್ತು ಕಲಸಲೂ ಬರುವುದಿಲ್ಲ. ಎಡಗೈಯಲ್ಲಿ ಉಣ್ಣಲು ಮನಸ್ಸೊಪ್ಪದೆ ಬಲಗೈಯ ಬೆರಳುಗಳ ನಡುವೆ ಚಮಚ ಸಿಕ್ಕಿಸಿಕೊಂಡು ಉಂಡೆ. ಬೆಳಗಾವಿಯ ಜಿಟಿಜಿಟಿ ಮಳೆಯಲ್ಲಿ ಪಟ್ಟಿಗಳು ಒಣಗುವುದೇ ಇಲ್ಲ. ಆದರೆ ಮೊದಲ ವಾರದ ಕೊನೆಗೆ ಟೇಪು ಹಿಡಿದಾಗ ಮುಂದೋಳಿನ ಪ್ರತಿ ಚುಕ್ಕೆಯಲ್ಲೂ ಅಂಕಿ ಇಳಿದಿತ್ತು. ಇಳಿಕೆ ಮೊದಲು ವೇಗವಾಗಿರುತ್ತದೆ, ಏಕೆಂದರೆ ಹೋಗುವುದು ದ್ರವ. ನಾರು ಕಟ್ಟಿದ ಭಾಗ ಮೆತ್ತಗಾಗಲು ಬಹಳ ದಿನ ಹಿಡಿಯುತ್ತದೆ.

ಅಲ್ಲಿ ಸರದಿ ಕಾಯುವಾಗ ವಿಜಯಪುರ ಜಿಲ್ಲೆಯ ಹಿರಿಯ ರೈತರೊಬ್ಬರ ಪರಿಚಯವಾಯಿತು. ಅವರದು ಎಡಗಾಲು, ಆನೆಕಾಲು ರೋಗ. ವಿಜಯಪುರ, ಬಾಗಲಕೋಟೆ ಎರಡೂ ರಾಜ್ಯದ ಫೈಲೇರಿಯಾ ಪೀಡಿತ ಜಿಲ್ಲೆಗಳ ಪಟ್ಟಿಯಲ್ಲಿದ್ದವು. ಕೊಳಚೆ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆ ಕಚ್ಚಿದಾಗ ಒಳಹೋಗುವ ಹುಳು ದುಗ್ಧನಾಳದಲ್ಲೇ ಮನೆಮಾಡಿ ಆರೆಂಟು ವರ್ಷ ಬದುಕುತ್ತದೆ. ನಾಳ ಹಿಗ್ಗಿ ಕವಾಟಗಳು ಕೆಲಸಕ್ಕೆ ಬಾರದಂತಾಗುತ್ತವೆ. ಮರಿಹುಳುಗಳು ರಾತ್ರಿ ಮಾತ್ರ ರಕ್ತದಲ್ಲಿ ಕಾಣಿಸಿಕೊಳ್ಳುವುದರಿಂದ ಆರೋಗ್ಯ ಇಲಾಖೆಯವರು ನಿದ್ದೆಗೆಡಿಸಿ ಬೆರಳು ಚುಚ್ಚಲು ಬರುತ್ತಾರೆ. ವರ್ಷಕ್ಕೊಮ್ಮೆ ಮನೆಬಾಗಿಲಿಗೆ ತಂದುಕೊಡುವ ಡಿಇಸಿ, ಅಲ್ಬೆಂಡಜೋಲ್ ಮಾತ್ರೆಗಳು ಹುಳುವಿನ ಹರಡುವಿಕೆಯನ್ನು ತಡೆಯುತ್ತವೆ, ಹಾಳಾದ ನಾಳವನ್ನು ಸರಿಪಡಿಸಲಾರವು. ನನಗೆ ಕತ್ತಿಯಿಂದ ಆದದ್ದು ಅವರಿಗೆ ಹುಳುವಿನಿಂದ ಆಗಿತ್ತು. ಅವರಿಗೆ ಹೇಳಿದ ಮುಖ್ಯ ಪಾಠ ಸರಳವಾಗಿತ್ತು: ದಿನಾ ಸಾಬೂನಿನಿಂದ ಕಾಲು ತೊಳೆದು, ಬೆರಳುಗಳ ಸಂದಿಯನ್ನು ಬಟ್ಟೆಯಿಂದ ಒತ್ತಿ ಒಣಗಿಸುವುದು.

ಆ ಪಾಠ ನನಗೂ ಬೇಕಾಯಿತು. ಊರಿಗೆ ಮರಳಿದ ಮೇಲೆ ಎಣ್ಣೆಗಾಯಿಗೆಂದು ಬದನೆಕಾಯಿ ಹೆಚ್ಚುವಾಗ ತೊಟ್ಟಿನ ಮುಳ್ಳು ಬಲಗೈ ಬೆರಳಿಗೆ ಚುಚ್ಚಿತು. ಯಾರೂ ಲೆಕ್ಕಕ್ಕಿಡದ ಗಾಯ. ರಾತ್ರಿಯೊಳಗೆ ಚಳಿ ನಡುಕ, ಜ್ವರ. ಬೆಳಗಿನ ಹೊತ್ತಿಗೆ ಮುಂದೋಳು ಕೆಂಪಾಗಿ ಸುಡುತ್ತಿತ್ತು. ದುಗ್ಧಗ್ರಂಥಿಗಳ ಕೆಲಸ ಏನೆಂಬುದು ಅವು ಇಲ್ಲದಾಗ ತಿಳಿಯುತ್ತದೆ. ದೇಹದಲ್ಲಿ ಇಂಥವು ಸುಮಾರು 600 ಇವೆ. ಬಗಲೊಂದರಲ್ಲೇ ಇಪ್ಪತ್ತರಿಂದ ಮೂವತ್ತು. ಹಲವು ನಾಳಗಳು ಗ್ರಂಥಿಯೊಳಗೆ ರಸ ತಂದು ಸುರಿಯುತ್ತವೆ, ಒಂದೋ ಎರಡೋ ಹೊರಗೆ ಒಯ್ಯುತ್ತವೆ, ಹಾಗಾಗಿ ಒಳಗೆ ಹರಿವು ನಿಧಾನವಾಗುತ್ತದೆ. ಅಲ್ಲಿ ಕಾಯುವ ಕೋಶಗಳು ರೋಗಾಣುಗಳನ್ನು ನುಂಗುತ್ತವೆ. ಗಾಯದ ಕಡೆಯಿಂದ ಬಂದ ಇನ್ನೊಂದು ಬಗೆಯ ಕೋಶಗಳು ಆ ರೋಗಾಣುವಿನ ತುಣುಕನ್ನು ಟಿ ಕೋಶಗಳೆಂಬ ಬಿಳಿ ರಕ್ತಕೋಶಗಳಿಗೆ ತೋರಿಸುತ್ತವೆ. ಅದಕ್ಕೆ ಹೊಂದುವ ಟಿ ಮತ್ತು ಬಿ ಕೋಶಗಳು ಸಂಖ್ಯೆಯಲ್ಲಿ ಹೆಚ್ಚಿ ಪ್ರತಿಕಾಯಗಳ ತಯಾರಿ ಶುರುವಾಗುತ್ತದೆ. ಗಾಯವಾದಾಗ ಬಗಲಲ್ಲಿ ಗಂಟು ನೋಯುವುದು ಈ ಸಡಗರದಿಂದ. ನನ್ನ ಬಲತೋಳಿನಲ್ಲಿ ಈ ಏರ್ಪಾಡು ಬಹುಮಟ್ಟಿಗೆ ಕಿತ್ತುಹೋಗಿದೆ, ಜೊತೆಗೆ ಪ್ರೋಟೀನು ತುಂಬಿದ ದ್ರವ ಸ್ಟ್ರೆಪ್ಟೊಕಾಕಸ್‌ನಂಥ ಬ್ಯಾಕ್ಟೀರಿಯಾಗಳಿಗೆ ಹಬ್ಬದೂಟ. ಪೆನಿಸಿಲಿನ್ ಗುಂಪಿನ ಔಷಧವನ್ನು ತಡಮಾಡದೆ ಕೊಟ್ಟರು. ಕೆಂಪು ಇಳಿಯುವವರೆಗೆ ನೀವುವಿಕೆಯೂ ಕಟ್ಟೂ ಬೇಡವೆಂದರು. ಇಂಥ ಪ್ರತಿಯೊಂದು ಸೋಂಕೂ ಉಳಿದ ನಾಳಗಳಲ್ಲಿ ಇನ್ನಷ್ಟನ್ನು ಕೆಡಿಸಿ ಬಾವನ್ನು ಹೆಚ್ಚಿಸುತ್ತದೆ. ಅಂದಿನಿಂದ ಬದನೆಕಾಯಿಯ ತೊಟ್ಟು ತೆಗೆಯುವ ಕೆಲಸ ಯಜಮಾನರದು.

ಬಾವು ಇಳಿದು ಒಂದು ಮಟ್ಟದಲ್ಲಿ ನಿಂತ ಮೇಲೆ ಹಗಲಿನ ಕಟ್ಟಿನ ಬದಲು ಅಳತೆ ಕೊಟ್ಟು ತರಿಸಿದ ಒತ್ತಡದ ತೋಳುಪಟ್ಟಿ ಬಂತು. ಪಾದರಸದ 20ರಿಂದ 30 ಮಿಲಿಮೀಟರ್ ಒತ್ತಡದ್ದು. ಬೆಳಿಗ್ಗೆ ಏಳುತ್ತಲೇ, ಕೈ ಇಳಿದಿರುವಾಗಲೇ ಏರಿಸಬೇಕು. ದಿನಾ ಒಗೆದು ತೊಟ್ಟರೆ ಸುಮಾರು ಆರು ತಿಂಗಳಲ್ಲಿ ಬಿಗಿ ಕಳೆದುಕೊಳ್ಳುತ್ತದೆ, ಆಗ ಹೊಸದು ಬೇಕು, ಖರ್ಚು ಸಣ್ಣದಲ್ಲ. ಬಾಗಲಕೋಟೆಯ ಏಪ್ರಿಲ್ ತಿಂಗಳಲ್ಲಿ ಅದನ್ನು ತೊಟ್ಟಿರುವುದು ಒಂದು ಶಿಕ್ಷೆ, ತೆಗೆದರೆ ಇನ್ನೊಂದು, ಏಕೆಂದರೆ ಬಿಸಿಲಿಗೆ ರಕ್ತನಾಳಗಳು ಹಿಗ್ಗಿ ಜಿನುಗುವಿಕೆ ಹೆಚ್ಚುತ್ತದೆ. ಅದರ ಮೇಲೇ ತಣ್ಣೀರು ಚಿಮುಕಿಸಿಕೊಂಡು ತೊಟ್ಟೇ ಇರುತ್ತೇನೆ. ಆ ಕೈಯಲ್ಲಿ ಭಾರ ಎತ್ತಲೇಬಾರದು ಎಂದು ಹಿಂದೆ ಹೇಳುತ್ತಿದ್ದರು. ತೂಕವನ್ನು ನಿಧಾನವಾಗಿ ಏರಿಸುತ್ತ ಮೇಲ್ವಿಚಾರಣೆಯಲ್ಲಿ ವ್ಯಾಯಾಮ ಮಾಡಿದರೆ ಬಾವು ಹೆಚ್ಚುವುದಿಲ್ಲ ಎಂದು 2009ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು, ಸಲಹೆಯೂ ಬದಲಾಯಿತು. ಅರ್ಧ ಕಿಲೋದಿಂದ ಶುರುಮಾಡಿದ ನಾನು ಈಗ ತುಂಬಿದ ಕೊಡವನ್ನು ಎತ್ತುತ್ತೇನೆ, ಕರಿಹಲಗೆಯ ಮೇಲ್ತುದಿಯವರೆಗೂ ಬರೆಯುತ್ತೇನೆ. ರಕ್ತದೊತ್ತಡ ನೋಡುವುದು, ಸೂಜಿ ಚುಚ್ಚುವುದು ಮಾತ್ರ ಎಡಗೈಗೆ ಎಂದು ಪ್ರತಿ ಬಾರಿ ನಾನೇ ನೆನಪಿಸುತ್ತೇನೆ.

ದುಗ್ಧನಾಳವನ್ನು ಸೂಕ್ಷ್ಮದರ್ಶಕದ ಅಡಿ ಹತ್ತಿರದ ಸಣ್ಣ ಅಭಿಧಮನಿಗೆ ಹೊಲಿಯುವ ಶಸ್ತ್ರಚಿಕಿತ್ಸೆಯೂ ಇದೆ. ಹೊಲಿಯಬೇಕಾದ ನಾಳ ಒಂದು ಮಿಲಿಮೀಟರಿಗಿಂತ ಸಣ್ಣದು. ನನ್ನ ಹಂತಕ್ಕೆ ಅದರ ತುರ್ತಿಲ್ಲ ಎಂದಿದ್ದಾರೆ, ನನಗೂ ಇನ್ನೊಮ್ಮೆ ಕತ್ತಿಯಡಿ ಮಲಗುವ ಆಸೆಯಿಲ್ಲ. ಕಳೆದ ವರ್ಷ ಸ್ತನದ ಕ್ಯಾನ್ಸರಿಗೆ ಗುರಿಯಾದ ನನ್ನ ಸಹೋದ್ಯೋಗಿಗೆ ಮೊದಲು ನೀಲಿ ಬಣ್ಣವನ್ನೂ ವಿಕಿರಣಶೀಲ ದ್ರವವನ್ನೂ ಸ್ತನಕ್ಕೆ ಚುಚ್ಚಿ, ಅವು ಮೊದಲು ತಲುಪಿದ ಒಂದೆರಡು ಗ್ರಂಥಿಗಳನ್ನಷ್ಟೇ ತೆಗೆದು ಪರೀಕ್ಷಿಸಿದರು. ಅವುಗಳಲ್ಲಿ ರೋಗವಿಲ್ಲದ್ದರಿಂದ ಉಳಿದವನ್ನು ಮುಟ್ಟಲಿಲ್ಲ. ಹೀಗೆ ಮಾಡಿದರೆ ಬಾವಿನ ಸಾಧ್ಯತೆ ಇಪ್ಪತ್ತರಲ್ಲಿ ಒಬ್ಬರಿಗೆ ಎನ್ನುವಷ್ಟಕ್ಕೆ ಇಳಿಯುತ್ತದೆ. ಶಸ್ತ್ರಚಿಕಿತ್ಸೆಯ ಹಿಂದಿನ ದಿನ ನಾನೇ ಟೇಪು ಒಯ್ದು ಆಕೆಯ ಎರಡೂ ತೋಳುಗಳನ್ನು ಅಳೆದು ಬರೆದುಕೊಟ್ಟೆ. ನನ್ನ ಎರಡು ತೋಳುಗಳ ನಡುವೆ ಈಗ ಉಳಿದಿರುವುದು ಒಂದು ಸೆಂಟಿಮೀಟರಿನಷ್ಟು ವ್ಯತ್ಯಾಸ; ಮುಂದಿನ ಅಳತೆ ದೀಪಾವಳಿ ರಜೆಯಲ್ಲಿ, ಬೆಳಗಾವಿಯಲ್ಲಿ.